ಮಕ್ಕಳನ್ನು ಬೇಗನೇ ಒಂದೇ ಆಟಕ್ಕೆ ಕಟ್ಟಿಹಾಕಬೇಡಿ

ಐದಾರು ವರ್ಷದ ಮಗುವನ್ನು ಯಾವ ಕೋಚಿಂಗ್‌ಗೆ ಸೇರಿಸುವುದು ಎಂಬ ಚಿಂತೆ ಬಹಳ ಅಪ್ಪ-ಅಮ್ಮಂದಿರಿಗೆ ಇರುತ್ತದೆ. ಆ ವಯಸ್ಸಿಗೆ ಕೋಚಿಂಗೇ ಬೇಡ ಅನ್ನೋದು ನನ್ನ ಅಭಿಪ್ರಾಯ. ಸುಮ್ನೆ ಓಡಲಿ, ಹತ್ತಲಿ, ಜಿಗಿಯಲಿ, ಚೆಂಡು ಎಸೆದು ಹಿಡಿಯಲಿ. ಮುಂದೆ ಯಾವ ಆಟ ಕಲಿತರೂ ಬುನಾದಿ ಇದೇ.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರಾಟ ಜೋರಾಗುವಂಥ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದೇ ಸಲಕ್ಕೆ ಆಗಬೇಕಿಲ್ಲ, ಬಿಡಿಬಿಡಿಯಾಗಿ ಆದರೂ ಸರಿ. ವಾರಕ್ಕೆ 3 ದಿನವಾದರೂ ಓಟ, ಜಿಗಿತ ಇರಲಿ. ಭಾರ ಬಿದ್ದಾಗಲೇ ಮೂಳೆ ಗಟ್ಟಿಯಾಗುವುದು. ಈಜು ಹೃದಯಕ್ಕೆ, ಶ್ವಾಸಕೋಶಕ್ಕೆ ತುಂಬಾ ಒಳ್ಳೆಯದು. ಆದರೆ ಮೈಭಾರವನ್ನು ನೀರೇ ಹೊರುವುದರಿಂದ ಮೂಳೆಗೆ ಲಾಭ ಕಡಿಮೆ. ಜೊತೆಗೆ ನೆಲದ ಮೇಲಿನ ಆಟವೂ ಬೇಕು.

ಸಾಧ್ಯವಾದಷ್ಟು ಬಯಲಲ್ಲೇ ಆಡಿಸಿ. ಹಗಲು ಬೆಳಕಲ್ಲಿ ಹೊರಗೆ ಜಾಸ್ತಿ ಇರುವ ಮಕ್ಕಳಿಗೆ ಸಮೀಪದೃಷ್ಟಿ (ದೂರದ್ದು ಮಸುಕಾಗಿ ಕಾಣುವ ತೊಂದರೆ) ಬರುವ ಸಾಧ್ಯತೆ ಕಡಿಮೆ.

ಇನ್ನು ವರ್ಷಪೂರ್ತಿ ಒಂದೇ ಆಟ ಆಡಿಸುವ ವಿಷಯ. ನನಗೆ ಇದು ಸರಿ ಕಾಣುವುದಿಲ್ಲ. ಅದೇ ಭುಜ, ಅದೇ ಮೊಣಕಾಲಿಗೆ ಪದೇಪದೇ ಒತ್ತಡ ಬೀಳುತ್ತದೆ. ಮಕ್ಕಳ ಮೂಳೆಯ ತುದಿಯಲ್ಲಿ ಇನ್ನೂ ಬೆಳೆಯುತ್ತಿರುವ ಮೃದು ಭಾಗ ಇರುತ್ತದೆ, ಪೆಟ್ಟಾಗುವುದು ಅಲ್ಲೇ. ಬೇಸರ ಬಂದು ಆಟವನ್ನೇ ಬಿಡುವವರೂ ಇದ್ದಾರೆ, ಅಲ್ವಾ? ವಾರಕ್ಕೆ ಒಂದೆರಡು ದಿನ ತರಬೇತಿಗೆ ರಜೆ ಕೊಡಿ. ಕೀಲಿನ ನೋವು ವಿಶ್ರಾಂತಿ ಕೊಟ್ಟರೂ ಹೋಗದಿದ್ದರೆ, ಅಥವಾ ಮಗು ಕುಂಟುತ್ತಿದ್ದರೆ, 'ಬೆಳೆಯುವ ವಯಸ್ಸು' ಎಂದು ಸುಮ್ಮನಿರದೆ ಡಾಕ್ಟರಿಗೆ ತೋರಿಸಿ.