ಹೊಸನೀರು ಬಂದ ಮೇಲೆ ಅವೆಲ್ಲ ಎಲ್ಲಿ ಹೋದವು?

ಧಾರವಾಡದ ಕೆಲಗೇರಿ ಕೆರೆಯಲ್ಲಿ ಒಂದು ವರ್ಷ ಪ್ರಾಣಿಪ್ಲವಕ, ಅಂದರೆ ನೀರಿನಲ್ಲಿ ತೇಲಾಡುವ ಅತಿ ಸಣ್ಣ ಪ್ರಾಣಿಗಳನ್ನು ಎಣಿಸಿದೆ. ತಿಂಗಳಿಗೆ ಎರಡು ಸಲ, ಬೆಳಿಗ್ಗೆ 7ಕ್ಕೆ. ಹೊತ್ತು ತಪ್ಪಿಸುವ ಹಾಗಿಲ್ಲ. ಬಿಸಿಲೇರಿದರೆ ನೀರುಚಿಗಟಗಳು (ಕುಪ್ಪಳಿಸುತ್ತ ಈಜುವ ಪುಟ್ಟ ಜೀವಿಗಳು) ಕೆಳಗಿಳಿದುಬಿಡುತ್ತವೆ. ಇದು ತಿಳಿಯದೆ ಸಿಕ್ಕ ಹೊತ್ತಿನಲ್ಲಿ ತಂದ ಮೊದಲೆರಡು ತಿಂಗಳ ಲೆಕ್ಕ ಪೂರ್ತಿ ಬಿಡಬೇಕಾಯಿತು.

10 ಲೀಟರ್ ಬಕೆಟ್‌ನಲ್ಲಿ ಐದು ಸಲ ನೀರೆತ್ತಿ 60 ಮೈಕ್ರಾನ್ ಬಲೆಯಲ್ಲಿ ಸೋಸುತ್ತಿದ್ದೆ. ಉಳಿದದ್ದನ್ನು 50 ಮಿ.ಲೀ.ಗೆ ತಂದರೆ, ಅದರ ಒಂದು ಮಿ.ಲೀ. ಎಣಿಸಿದರೆ ಕೆರೆಯ ಒಂದು ಲೀಟರ್ ಎಣಿಸಿದ ಹಾಗೆ. ಮಾದರಿ ಕೆಡದಂತೆ ಹಾಕುವ ಫಾರ್ಮಲಿನ್‌ಗೆ ಸಕ್ಕರೆ ಬೆರೆಸುವುದನ್ನು ಮರೆಯಬೇಡಿ. ಇಲ್ಲದಿದ್ದರೆ ನೀರುಚಿಗಟದ ಬೆನ್ನ ಚೀಲದಿಂದ ಮೊಟ್ಟೆ ಉದುರಿಹೋಗುತ್ತವೆ.

ಏಪ್ರಿಲ್ ಮುಗಿಯುವ ಹೊತ್ತಿಗೆ ನೀರು ಇಳಿದು ಹಸಿರಾಗಿತ್ತು. ಎಲ್ಲಿ ನೋಡಿದರೂ ರೋಟಿಫರ್ ಎಂಬ ಸೂಕ್ಷ್ಮ ಪ್ರಾಣಿಗಳು, ಅದರಲ್ಲೂ ಬ್ರಾಕಿಯೋನಸ್ ಎಂಬ ಬಗೆ. ಬೆಚ್ಚನೆ ನೀರು, ತಿನ್ನಲು ಬೇಕಾದಷ್ಟು ಪಾಚಿ. ಗಂಡಿನ ಹಂಗಿಲ್ಲದೆ ಮರಿ ಮಾಡುತ್ತವೆ, ಹುಟ್ಟಿದ ಒಂದೆರಡು ದಿನದಲ್ಲೇ ತಾಯಾಗುತ್ತವೆ. ಮೈಗಿಂತ ಅಷ್ಟೇನೂ ಚಿಕ್ಕದಲ್ಲದ ಮೊಟ್ಟೆಯನ್ನು ಹಿಂದೆ ಅಂಟಿಸಿಕೊಂಡೇ ಓಡಾಡುತ್ತವೆ.

ಜೂನ್‌ನಲ್ಲಿ ಹೊಸನೀರು ಬಂತು. ಕೆಂಪು ನೀರು, ಬಿಳಿ ತಟ್ಟೆ ಇಳಿಬಿಟ್ಟರೆ ಗೇಣು ಆಳದಲ್ಲೇ ಕಾಣೆ. ಲೀಟರಿಗೆ ಸಿಗುವ ಸಂಖ್ಯೆ ಪೂರಾ ಕುಸಿಯಿತು. ಮಳೆಗೆ ಕೊಚ್ಚಿಹೋದವು ಅಂತ ಟಿಪ್ಪಣಿಯಲ್ಲಿ ಬರೆದೂಬಿಟ್ಟೆ. ಅದು ತಪ್ಪು. ಏರಿಯ ಕಲ್ಲುಗಳ ಮೇಲೆ ನೀರಿನ ಗುರುತು ಮೇಲೇರಿತ್ತು: ಅದೇ ಜೀವಿಗಳು ಜಾಸ್ತಿ ನೀರಿನಲ್ಲಿ ಹಂಚಿಹೋಗಿದ್ದವು. ಜೊತೆಗೆ ಬಲೆಯ ಕಣ್ಣಿಗೆ ಹೂಳು ಕಟ್ಟಿ ನೀರು ಅಂಚಿನಿಂದ ಚೆಲ್ಲುತ್ತಿತ್ತು. ನಾನು 50 ಲೀಟರ್ ಅಂದುಕೊಂಡದ್ದು 50 ಆಗಿರಲೇ ಇಲ್ಲ. ಆಮೇಲೆ ಮಳೆಗಾಲದಲ್ಲಿ 20 ಲೀಟರ್ ಮಾತ್ರ, ಅದೂ ನಿಧಾನಕ್ಕೆ ಸುರಿದೆ. ನೀರಿನ ಮಟ್ಟವನ್ನೂ ಪ್ರತಿ ಸಲ ಬರೆದಿಟ್ಟೆ. ಹಾಗೆ ನೋಡಿದಾಗ ಕೋಪಿಪಾಡ್ ಎಂಬ, ಸೀಗಡಿಯ ದೂರದ ನೆಂಟ ಪುಟ್ಟ ಪ್ರಾಣಿಯ ಮರಿಗಳು ಕಂಡವು. ಸಂತಾನ ನಿಂತಿರಲಿಲ್ಲ, ಅಲ್ವಾ?

ಚಳಿಗಾಲದಲ್ಲಿ ಹೂಳು ಕೆಳಗೆ ಕೂತಿತು, ನೀರುಚಿಗಟಗಳು ಹೆಚ್ಚಾದವು. ಮತ್ತೆ ಬೇಸಿಗೆ ಹತ್ತಿರವಾದಾಗ ಮೊಯಿನಾ ಎಂಬ ನೀರುಚಿಗಟದ ಬೆನ್ನ ಮೇಲೆ ಕುದುರೆ ಜೀನಿನಂಥ ಕಂದು ಪೊರೆ ನೋಡಿದೆ. ಕಷ್ಟಕಾಲಕ್ಕೆಂದು ಮೊಟ್ಟೆ ಕಟ್ಟಿಡುವ ಡಬ್ಬಿ ಅದು. ನೀರು ಹಿಂದೆ ಸರಿದರೆ ಅದು ಕೆಸರಿನಲ್ಲೇ ಒಣಗಿ ಕಾಯುತ್ತದೆ.

ಮೇ ತಿಂಗಳಲ್ಲಿ ಕೆರೆಯಂಚಿನ ಬಿರುಕುಬಿಟ್ಟ ಒಣಮಣ್ಣು ಒಂದು ಹಿಡಿ ತಂದೆ. ಗಾಜಿನ ಲೋಟಕ್ಕೆ ಹಾಕಿ, ಕುದಿಸಿ ಆರಿಸಿದ ನೀರು ತುಂಬಿ ಕಿಟಕಿಯಲ್ಲಿಟ್ಟೆ. ನಾಲ್ಕನೇ ದಿನ ಬೆಳಿಗ್ಗೆ ಬೆಳಕಿಗೆ ಹಿಡಿದು ನೋಡಿದರೆ, ಒಳಗೆ ಮೂರು ಬಿಳಿ ಚುಕ್ಕಿಗಳು ಕುಪ್ಪಳಿಸುತ್ತಿದ್ದವು.