ನಡುಕ ಬೇಡ, ಭಾರ ಕೊಡು

ಪಾರ್ಕಿನ್ಸನ್ ಕಾಯಿಲೆಯ ನಾಟಕ ಅಂದ ಕೂಡಲೇ ನಮ್ಮ ನಟರು ಕೈ ನಡುಗಿಸಲು ಶುರು ಮಾಡಿದರು. ಅದು ಬೇಡ ಎಂದೆ. ಅಪ್ಪನನ್ನು ನೋಡಿಕೊಂಡವಳು ನಾನು. ಕೈ ಸುಮ್ನೆ ಮಡಿಲಲ್ಲಿದ್ದಾಗ ನಡುಕ ಜಾಸ್ತಿ, ಲೋಟಕ್ಕೆ ಕೈ ಚಾಚಿದರೆ ಕಡಿಮೆಯಾಗುತ್ತಿತ್ತು. ನಮ್ಮಿಬ್ಬರ ದಿನವನ್ನು ತಿಂದುಹಾಕುತ್ತಿದ್ದದ್ದು ನಿಧಾನ.

ಹಾಗಾಗಿ ಮಾತೇ ಇಲ್ಲದ ನಾಟಕ ಕಟ್ಟಿದೆ. ಇಬ್ಬರು ನಟರು, ಒಂದು ಕುರ್ಚಿ, ಒಂದು ಬಾಗಿಲ ಚೌಕಟ್ಟು. ಮೊದಲ ದೃಶ್ಯದಲ್ಲಿ ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ, ಮಗಳು ಪಕ್ಕದಲ್ಲಿ ಕಾಯುತ್ತಾಳೆ. ಅವಳ ಕೈ ಎದ್ದು ಗುಂಡಿಯವರೆಗೂ ಹೋಗುತ್ತದೆ. ಮತ್ತೆ ತೊಡೆಯ ಮೇಲೆ ಬಂದು ಕೂರುತ್ತದೆ. ನಾವೇ ಹಾಕಿಬಿಟ್ಟರೆ ಬೇಗ ಮುಗಿಯುತ್ತದೆ, ಅಲ್ವಾ? ಆರೈಕೆಯಲ್ಲಿ ನನಗೆ ಅತಿ ಕಷ್ಟವಾದದ್ದು ಆ ಕೈಯನ್ನು ತಡೆಯುವುದು.

ಹೆಚ್ಚು ತಾಲೀಮು ಬೇಕಾದದ್ದು ಕುರ್ಚಿಯಿಂದ ಏಳಿಸುವುದಕ್ಕೆ. ಫಿಸಿಯೋಥೆರಪಿಸ್ಟ್ ನನಗೆ ಕಲಿಸಿದ ಕ್ರಮವನ್ನೇ ನಟರಿಗೆ ಹೇಳಿಕೊಟ್ಟೆ. ಕೈ ಹಿಡಿದು ಎಳೆಯಬಾರದು. ಕೂತವರೇ ಕುರ್ಚಿಯ ಅಂಚಿಗೆ ಸರಿಯಬೇಕು, ಪಾದ ಹಿಂದಕ್ಕೆ ಎಳೆದುಕೊಳ್ಳಬೇಕು. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿದರೆ ಮೈ ಹಗುರವಾಗಿ ಮೇಲೇಳುತ್ತದೆ. "ಭಾರ ನಟಿಸಬೇಡ, ನಿಜವಾಗಿ ಕೊಡು" ಎಂದು ಹೇಳುತ್ತಲೇ ಇದ್ದೆ. ಬರಬರುತ್ತಾ ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟು ಏಳತೊಡಗಿದರು. ಆ ಉಸಿರಿನ ಸದ್ದನ್ನು ಹಾಗೇ ಉಳಿಸಿಕೊಂಡೆ. ಹಿನ್ನೆಲೆ ಸಂಗೀತ ಹಾಕಲಿಲ್ಲ.

ಬಾಗಿಲ ಹತ್ತಿರ ಅಪ್ಪನ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಿತ್ತು. ಮೆದುಳಿನಲ್ಲಿ ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾದಾಗ ತಾನಾಗಿ ಬರಬೇಕಾದ ಹೆಜ್ಜೆ ಬರುವುದಿಲ್ಲ. ತಳ್ಳಿದರೆ ಬೀಳುವ ಭಯ. ಆದರೆ ದಾಟಲು ಕಣ್ಣಿಗೊಂದು ಗೆರೆ, ಕಿವಿಗೊಂದು ತಾಳ ಸಿಕ್ಕರೆ ಎಷ್ಟೋ ಸಲ ಕಾಲು ಏಳುತ್ತದೆ. ಬಚ್ಚಲುಮನೆ ಬಾಗಿಲಲ್ಲಿ ಹಳದಿ ಟೇಪ್ ಅಂಟಿಸಿ, ತಕಧಿಮಿ ಹೇಳುತ್ತಾ ನಡೆಸುತ್ತಿದ್ದೆ. ರಂಗದ ಮೇಲೂ ಅದೇ ಟೇಪ್. ತಾಳ ಮಾತ್ರ ಮಗಳು ತೊಡೆ ತಟ್ಟಿ ಕೊಡುತ್ತಾಳೆ.

ಕಾಯಿಲೆ ಮುಖದ ಸ್ನಾಯುಗಳನ್ನೂ ಬಿಗಿಯಾಗಿಸುತ್ತದೆ. ನೆಂಟರು ಅಪ್ಪನಿಗೆ ಕೋಪ ಅಂದುಕೊಳ್ಳುತ್ತಿದ್ದರು. ಅದಕ್ಕೇ ಅಪ್ಪನ ಪಾತ್ರಕ್ಕೆ ಭಾವವಿಲ್ಲದ ಮುಖವಾಡ ಹಾಕಿಸಿದೆ. 1956ರಲ್ಲಿ ಪ್ಯಾರಿಸ್ಸಿನಲ್ಲಿ ರಂಗಶಾಲೆ ತೆರೆದ ಜಾಕ್ ಲೆಕಾಕ್ ನಟರನ್ನು ಪಳಗಿಸಲು ಇಂಥದ್ದೇ ಮುಖವಾಡ ಬಳಸುತ್ತಿದ್ದರು. ಮುಖ ಮುಚ್ಚಿದರೆ ಮೈಯೆಲ್ಲ ಮಾತಾಡಲೇಬೇಕು. ಮಗಳ ಕಡೆ ಹೆಬ್ಬೆರಳು ಸ್ವಲ್ಪ ತಿರುಗಿದರೂ ಪ್ರೇಕ್ಷಕರಿಗೆ ಅಪ್ಪನ ಪ್ರೀತಿ ಕಾಣುತ್ತದೆ.

ಈಗ ಪ್ರದರ್ಶನದ ನಂತರ ಕುರ್ಚಿಯನ್ನು ಅಲ್ಲೇ ಬಿಡುತ್ತೇವೆ. ಮನೆಯಲ್ಲಿ ಆರೈಕೆ ಮಾಡುವವರು ಮೇಲೆ ಬಂದು, ನಮ್ಮ ನಟರನ್ನೇ ಕೂರಿಸಿ, ಏಳಿಸುವುದನ್ನು ಕಲಿಯುತ್ತಾರೆ. ಬರುವವರಲ್ಲಿ ಸೊಂಟ ನೋವಿದೆ ಅನ್ನುವವರೇ ಜಾಸ್ತಿ.