ಮುಧೋಳ ನಾಯಿಗೆ ಪಟ್ಟಾ: ಕೊರಳಷ್ಟೇ ಅಳೆದರೆ ಸಾಲದು

ಮುಧೋಳ ನಾಯಿಯ ತಲೆ ಉದ್ದ, ಕಿರಿದು. ಕೊರಳು ಮಾತ್ರ ಗಟ್ಟಿ, ಹೆಚ್ಚುಕಡಿಮೆ ತಲೆಯಷ್ಟೇ ದಪ್ಪ. ಬಾಗಲಕೋಟೆ, ಜಮಖಂಡಿಯ ಅಂಗಡಿಗಳಲ್ಲಿ ಸಿಗುವ ಸಾದಾ ಬಕಲ್ ಪಟ್ಟಾ ಅಗಲ ತಲೆಯ ಲ್ಯಾಬ್ರಡಾರ್‌ಗೆ ಸರಿ, ಅಲ್ಲಿ ಬುರುಡೆಯೇ ತಡೆಯುತ್ತದೆ. ನಮ್ಮ ನಾಯಿ ಎರಡು ಹೆಜ್ಜೆ ಹಿಂದೆ ಸರಿದು ತಲೆ ತಗ್ಗಿಸಿದರೆ ಪಟ್ಟಾ ನಿಮ್ಮ ಕೈಯಲ್ಲಿ, ನಾಯಿ ಕಬ್ಬಿನ ಗದ್ದೆಯಲ್ಲಿ. ಜಾರಬಾರದೆಂದು ಬಿಗಿದರೆ ಕೆಮ್ಮು.

ಹಾಗಾಗಿ ಹೊರಗೆ ಕರೆದೊಯ್ಯಲು ನಾನು ಹಾಕುವುದು ಮಾರ್ಟಿಂಗೇಲ್ ಪಟ್ಟಾ. ಎರಡೂ ತುದಿಗೆ ರಿಂಗ್ ಇರುವ ಅಗಲ ಪಟ್ಟಿ, ಆ ರಿಂಗ್‌ಗಳೊಳಗೆ ಹಾಯುವ ಚಿಕ್ಕ ಕುಣಿಕೆ, ಕುಣಿಕೆಗೆ ಹಗ್ಗ ಸಿಕ್ಕಿಸಲು ಒಂದು ಡಿ-ರಿಂಗ್. ಎಳೆದಾಗ ಬಿಗಿಯುತ್ತದೆ, ಬಿಟ್ಟಾಗ ಸಡಿಲಾಗುತ್ತದೆ.

ಅಳತೆ ಎರಡು ಬೇಕು. ಕಿವಿಯ ಹಿಂದೆ, ಗಂಟಲಿನ ಮೇಲ್ಭಾಗದಲ್ಲಿ ಟೇಪು ಸುತ್ತಿದ್ದು ಒಂದು. ತಲೆಯ ಅತಿ ದಪ್ಪ ಭಾಗದ ಸುತ್ತಳತೆ ಇನ್ನೊಂದು. ಕೊರಳು 13 ಇಂಚು, ತಲೆ 14.5 ಇಂಚು ಎಂದಿಟ್ಟುಕೊಳ್ಳಿ. ಕೊರಳಿನ ಅಳತೆಯಲ್ಲಿ 2 ಇಂಚು ಕಳೆದರೆ ಅಗಲ ಪಟ್ಟಿ 11 ಇಂಚು. ಮಡಚಿ ಹೊಲಿಯಲು ತುದಿಗೆ ಒಂದೂವರೆ ಇಂಚಿನಂತೆ ಸೇರಿಸಿ 14 ಇಂಚು ಕತ್ತರಿಸಬೇಕು. ಕುಣಿಕೆಗೆ 9 ಇಂಚಿನ ಪಟ್ಟಿ. 1 ಇಂಚು ಒಂದರ ಮೇಲೊಂದು ಇಟ್ಟು ಹೊಲಿದರೆ 8 ಇಂಚಿನ ಸುತ್ತು, ಚಪ್ಪಟೆಯಾದಾಗ 4 ಇಂಚು. ಪೂರ್ತಿ ಸಡಿಲಾದಾಗ ಪಟ್ಟಾ 15 ಇಂಚು, ತಲೆ ದಾಟುತ್ತದೆ. ಬಿಗಿದಾಗ ಎರಡು ರಿಂಗ್‌ಗಳ ನಡುವೆ ಸುಮಾರು 2 ಇಂಚು ಉಳಿಯಬೇಕು. ರಿಂಗ್‌ಗಳು ಒಂದಕ್ಕೊಂದು ತಾಕಿದರೆ ಪಟ್ಟಾ ಇನ್ನು ಬಿಗಿಯಲಾರದು, ದೊಡ್ಡದಾಯಿತೆಂದೇ ಅರ್ಥ.

ಪಟ್ಟಿಯ ಅಗಲ ಒಂದೂವರೆ ಇಂಚಿಗೆ ಕಡಿಮೆ ಬೇಡ. ಈ ನಾಯಿಯ ಚರ್ಮ ತೆಳು, ಕೂದಲು ಗಿಡ್ಡ. ಸಣ್ಣ ಪಟ್ಟಿ ಕೊರೆಯುತ್ತದೆ. ಶಾಲೆ ಬ್ಯಾಗಿನ ನೈಲಾನ್ ಪಟ್ಟಿ ಗಟ್ಟಿಯೇನೋ ಹೌದು, ಆದರೆ ಮೇಣದಬತ್ತಿಯಲ್ಲಿ ಸುಟ್ಟ ತುದಿ ಒರಟಾಗಿ ಕೂದಲು ಕೀಳುತ್ತದೆ. ಆ ತುದಿ ಒಳಮಡಿಕೆಯಲ್ಲಿ ಮುಚ್ಚಿಹೋಗಬೇಕು, ಒಳಮೈಗೆ ಹತ್ತಿಬಟ್ಟೆಯ ಅಸ್ತರು ಬೇಕು. ಬ್ಯಾಗ್ ಹೊಲಿಯುವವರು ಮಾಡಿಕೊಡುತ್ತಾರೆ. ಮಡಿಕೆಯ ಮೇಲೆ ಚೌಕ ಹಾಕಿ ಅದರೊಳಗೆ ಅಡ್ಡಗೆರೆ ಹೊಲಿಯಲು ಹೇಳಿ, ಒಂದೇ ಸಾಲಿನ ಹೊಲಿಗೆ ಜಗ್ಗಿದರೆ ಕಿತ್ತುಬರುತ್ತದೆ. ರಿಂಗಿನ ಜೋಡಣೆಯ ಮೇಲೆ ಉಗುರು ಎಳೆದು ನೋಡಿ. ಸಂದು ಸಿಕ್ಕರೆ ಅದು ಬೆಸುಗೆ ಹಾಕಿದ್ದಲ್ಲ, ಬರೀ ಬಗ್ಗಿಸಿದ್ದು. ತಗೋಬೇಡಿ.

ಚರ್ಮವೇ ಬೇಕೆಂದರೆ ಅಥಣಿ ಕಡೆ ಚಪ್ಪಲಿ ಹೊಲಿಯುವವರನ್ನು ಕೇಳಬಹುದು. ಅಟ್ಟೆಯ ದಪ್ಪ ಚರ್ಮ ಬೇಡ, ಮೆತ್ತಗೆ ಬಗ್ಗುವುದು ಬೇಕು. ಮಳೆಯಲ್ಲಿ ನೆಂದರೆ ನೆರಳಲ್ಲೇ ಒಣಗಿಸಬೇಕು. ನಮ್ಮ ಬಿಸಿಲಿಗೆ ಇಟ್ಟರೆ ಬಿರುಕು ಖಚಿತ.

ಹೊಸ ಪಟ್ಟಾವನ್ನು ಗೇಟು ಮುಚ್ಚಿದ ಅಂಗಳದಲ್ಲೇ ಪರೀಕ್ಷಿಸಬೇಕು. ನಾಯಿಯ ಎದುರು ನಿಂತು ಹಗ್ಗವನ್ನು ನಿಮ್ಮ ಕಡೆ ಮೆಲ್ಲಗೆ ಎಳೆಯಿರಿ, ಅದು ಹಿಂದೆ ಸರಿಯಲಿ. ಪಟ್ಟಾ ಕಿವಿಯ ಬುಡದಲ್ಲಿ ನಿಂತರೆ ಸರಿ, ಕಿವಿ ಮಡಚಿ ಮುಂದೆ ಬಂದರೆ ಅಗಲ ಪಟ್ಟಿಯ ತುದಿ ಬಿಚ್ಚಿ, ಗಿಡ್ಡ ಮಾಡಿ ಮತ್ತೆ ಹೊಲಿಸಿ. "ಸಡಲ ಇರ್ಲಿ ಬಿಡ್ರಿ, ಮೂಕ ಪ್ರಾಣಿ" ಎನ್ನುವವರಿದ್ದಾರೆ. ರಸ್ತೆಗೆ ನುಗ್ಗಿದ ಮೇಲೆ ಆ ಕನಿಕರ ನಾಯಿಗೆ ಉಪಯೋಗವಿಲ್ಲ. ಹಗ್ಗ 6 ಅಡಿಗಿಂತ ಉದ್ದ ಬೇಡ. ಉದ್ದವಿದ್ದಷ್ಟೂ ವೇಗ ಹಿಡಿದು ಓಡಿ, ಹಗ್ಗ ಮುಗಿದಲ್ಲಿ ಕೊರಳಿಗೆ ಜೋರು ಪೆಟ್ಟು ಬೀಳುತ್ತದೆ.

ಮನೆಗೆ ಬಂದೊಡನೆ ಮಾರ್ಟಿಂಗೇಲ್ ತೆಗೆಯಬೇಕು. ಕುಣಿಕೆ ಗೂಟಕ್ಕೋ ತಂತಿಬೇಲಿಗೋ ಸಿಕ್ಕಿದರೆ ನಾಯಿ ಜಗ್ಗಿದಷ್ಟೂ ಉಸಿರು ಕಟ್ಟುತ್ತದೆ. ಇದನ್ನು ಹಾಕಿ ಸರಪಳಿಗೆ ಕಟ್ಟುವುದಂತೂ ಬೇಡವೇ ಬೇಡ. ತೆಗೆದಾಗ ಕೊರಳಿನ ಕೂದಲು ಹಿಮ್ಮುಖವಾಗಿ ಸವರಿ ನೋಡಿ, ಉಣ್ಣಿಗಳಿಗೆ ಪಟ್ಟಾದಡಿಯ ಜಾಗವೆಂದರೆ ಬಲು ಇಷ್ಟ. ಮರಿಗಳಿಗೆ ಬೇರೆ ಲೆಕ್ಕ: ಎರಡು ಬೆರಳು ತೂರುವಷ್ಟು ಸಡಿಲದ, ಅಗ್ಗದ ಬಕಲ್ ಪಟ್ಟಾ ಸಾಕು, ಆದರೆ ವಾರಕ್ಕೊಮ್ಮೆ ಬೆರಳಿಟ್ಟು ನೋಡಲೇಬೇಕು. ಬೆಳೆಯುವ ಕೊರಳಿಗೆ ಬಿಗಿಯಾದ ಪಟ್ಟಾ ಚರ್ಮದೊಳಗೆ ಇಳಿದು ಹುಣ್ಣಾಗುತ್ತದೆ, ನೊಣ ಕೂತು ಹುಳ ಬೀಳುತ್ತದೆ.